ಗಣಿಯಿದ್ದೂ ಬಡತನ, ಒಪ್ಪಂದವಿದ್ದೂ ಯುದ್ಧ: ಓದುಗರ ಪ್ರಶ್ನೆಗಳಿಗೆ ಉತ್ತರ

2025ರ ಜನವರಿಯಲ್ಲಿ ಕಾಂಗೋ ದೇಶದ ಪೂರ್ವ ಭಾಗದ ಗೋಮಾ ನಗರವೂ ಫೆಬ್ರವರಿಯಲ್ಲಿ ಬುಕಾವು ನಗರವೂ ಎಂ23 ಎಂಬ ಬಂಡುಕೋರ ಪಡೆಯ ಕೈಸೇರಿದ್ದನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ಮುಂಬಯಿ, ಪುಣೆ ಮತ್ತು ಗೋವಾದಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿ, ಪ್ರಶ್ನೆಗಳ ತಿರುಳನ್ನಷ್ಟೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನನ್ನ ತಮ್ಮ ಕಿನ್ಶಾಸಾ ನಗರದ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ. ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ, ಜನರೇಟರ್ ಇಲ್ಲದೆ ಅಂಗಡಿ ನಡೆಯುವುದಿಲ್ಲ ಎನ್ನುತ್ತಾನೆ. ತಾಮ್ರ, ಕೋಬಾಲ್ಟ್, ಚಿನ್ನ, ವಜ್ರ, ಅಷ್ಟು ದೊಡ್ಡ ನದಿ ಎಲ್ಲವೂ ಇರುವ ದೇಶಕ್ಕೆ ಈ ಗತಿ ಏಕೆ ಬಂತು? ಜನರ ಸೋಮಾರಿತನವೇ, ನಾಯಕರ ಕಳ್ಳತನವೇ?
— ಡೊಂಬಿವಲಿಯ ಓದುಗರು

ಉತ್ತರ: ಸೋಮಾರಿತನದ ಮಾತನ್ನು ಮೊದಲೇ ಬದಿಗಿಡೋಣ. ಹಾರೆ, ಗುದ್ದಲಿ ಹಿಡಿದು ಸುರಂಗಕ್ಕಿಳಿದು, ಅದಿರಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಯುವ ಜನರನ್ನು ಸೋಮಾರಿಗಳೆನ್ನಲು ಯಾರಿಗೂ ಬಾಯಿ ಬರಬಾರದು. ನಾಯಕರ ಕಳ್ಳತನವಂತೂ ನಿಜ. 1965ರಿಂದ 1997ರವರೆಗೆ ಆಳಿದ ಮೊಬುಟು ದೇಶದ ಖಜಾನೆಗೂ ತನ್ನ ಕಿಸೆಗೂ ವ್ಯತ್ಯಾಸ ಉಳಿಸಲಿಲ್ಲ. ಆದರೆ ಆ ಕಳ್ಳತನ ಅಷ್ಟು ಸಲೀಸಾಗಿ ನಡೆಯಲು ಏನು ಕಾರಣ ಎಂದು ಕೇಳಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ರೈತನಿಂದ, ಅಂಗಡಿಯವನಿಂದ, ಸಂಬಳದಾರನಿಂದ ತೆರಿಗೆ ಎತ್ತಿ ನಡೆಯುವ ಸರ್ಕಾರ ಅವರ ಮುಂದೆ ಒಂದಲ್ಲ ಒಂದು ದಿನ ಲೆಕ್ಕ ಒಪ್ಪಿಸಲೇಬೇಕು. ನಾಲ್ಕು ಗಣಿ ಮತ್ತು ಒಂದು ಬಂದರಿನ ಹಣದಿಂದ ನಡೆಯುವ ಸರ್ಕಾರಕ್ಕೆ ಪ್ರಜೆಯ ಹಂಗಿಲ್ಲ. ಗಣಿಗೆ ಕಾವಲು ಹಾಕಿದರೆ ಅದಕ್ಕೆ ಸಾಕು. ಕಾಂಗೋದಲ್ಲಿ ಈ ಪದ್ಧತಿಯನ್ನು ಆರಂಭಿಸಿದವರು ಅಲ್ಲಿನವರಲ್ಲ. 1885ರಿಂದ 1908ರವರೆಗೆ ಆ ವಿಶಾಲ ಭೂಭಾಗ ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡನ ಖಾಸಗಿ ಆಸ್ತಿಯಾಗಿತ್ತು. ಆಮೇಲೆ 1960ರವರೆಗೆ ಬೆಲ್ಜಿಯಂ ಸರ್ಕಾರದ ವಸಾಹತಾಯಿತು. ರೈಲು ಹಾಕಿದ್ದು ಗಣಿಯಿಂದ ಬಂದರಿಗೆ, ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಜನ ಓಡಾಡಲಿ ಎಂದಲ್ಲ. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಕಾಂಗೋ ಮೂಲದ ಪದವೀಧರರ ಸಂಖ್ಯೆ ಬೆರಳೆಣಿಕೆಯಷ್ಟು. ಎರಡು ವಾರ ಕಳೆಯುವುದರೊಳಗೆ ತಾಮ್ರದ ಕಟಾಂಗಾ ಪ್ರಾಂತ್ಯವೂ, ಆಗಸ್ಟ್‌ನಲ್ಲಿ ವಜ್ರದ ದಕ್ಷಿಣ ಕಸಾಯ್ ಪ್ರಾಂತ್ಯವೂ ತಾವು ಬೇರೆ ದೇಶವೆಂದು ಸಾರಿದವು. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ 1961ರ ಜನವರಿ 17ರಂದು ಅದೇ ಕಟಾಂಗಾದಲ್ಲಿ ಕೊಲೆಯಾದರು.

ನಿಮ್ಮ ತಮ್ಮನವರ ಕರೆಂಟಿನ ವಿಷಯಕ್ಕೆ ಬರುತ್ತೇನೆ. ಕಿನ್ಶಾಸಾದಿಂದ ಕೆಳಕ್ಕೆ, ಕಾಂಗೋ ನದಿ ಧುಮುಕುವ ಇಂಗಾ ಎಂಬಲ್ಲಿ 1972ರಲ್ಲಿ ಒಂದು, 1982ರಲ್ಲಿ ಇನ್ನೊಂದು ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿಂದ ಸುಮಾರು 1,700 ಕಿಲೋಮೀಟರ್ ದೂರದ ಕಟಾಂಗಾದ ತಾಮ್ರದ ಗಣಿಗಳಿಗೆ ಒಂದು ಬೃಹತ್ ತಂತಿಮಾರ್ಗ ಎಳೆದರು. ಅದರಲ್ಲಿ ಹರಿಯುವುದು ನೇರ ವಿದ್ಯುತ್ (ಡಿ.ಸಿ.) ಆದ್ದರಿಂದ ನಮ್ಮಲ್ಲಿ ಮಾಡುವಂತೆ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಕೂರಿಸಿ ಹಳ್ಳಿಗೆ ದೀಪ ಕೊಡುವಂತಿರಲಿಲ್ಲ. ಗೋಪುರದ ಬುಡದಲ್ಲಿರುವ ಹಳ್ಳಿಯವರು ನೆತ್ತಿಯ ಮೇಲೆ ಹಾದುಹೋಗುವ ತಂತಿಯನ್ನು ನೋಡುತ್ತಾ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಹಾಕಿದರು. ಒಮ್ಮೆ ಬೇರೆಯಾಗಲು ಹೊರಟಿದ್ದ ಕಟಾಂಗಾದ ಸ್ವಿಚ್ಚು ರಾಜಧಾನಿಯ ಕಡೆ ಇರಲಿ ಎಂಬ ಉದ್ದೇಶವೂ ಆ ಯೋಜನೆಯ ಹಿಂದೆ ಇತ್ತೆಂದು ಬಲ್ಲವರು ಹೇಳುತ್ತಾರೆ. ರಾಷ್ಟ್ರೀಯ ಐಕ್ಯವೆಂದರೆ ಸ್ವಿಚ್ಚು ಕೈಯಲ್ಲಿಟ್ಟುಕೊಳ್ಳುವುದು ಎಂದು ತಿಳಿದ ಸರ್ಕಾರ ಹೀಗಲ್ಲದೆ ಮತ್ತೆ ಹೇಗೆ ಕಟ್ಟೀತು?

ಈಗ ಜಗತ್ತಿನ ಗಣಿಗಳಿಂದ ಹೊರಬರುವ ಕೋಬಾಲ್ಟ್‌ನಲ್ಲಿ ಸುಮಾರು 70 ಶೇಕಡಾ ಆ ದೇಶದ್ದು. ಆದರೂ ಹತ್ತು ಕೋಟಿಗೂ ಮೀರಿದ ಜನರಲ್ಲಿ ನಾಲ್ವರಿಗೆ ಸುಮಾರು ಮೂವರು ದಿನಕ್ಕೆ 2.15 ಡಾಲರಿಗಿಂತ ಕಡಿಮೆಯಲ್ಲಿ ಬದುಕುತ್ತಿದ್ದರೆಂಬುದು ವಿಶ್ವಬ್ಯಾಂಕಿನ 2024ರ ಅಂದಾಜು.

ಪ್ರಶ್ನೆ: ನಾನು ನಿವೃತ್ತ ಸುಬೇದಾರ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಗೋಮಾ ಕಡೆ ಸೇವೆ ಸಲ್ಲಿಸಿದ್ದೇನೆ. ನಾವು ಇದ್ದಾಗಲೂ ಒಪ್ಪಂದಗಳಾದವು, ಮುರಿದವು. ನಾವು ಮರಳಿ ಬಂದ ಮೇಲೂ ಅದೇ ಕಥೆ. ಒಪ್ಪಂದ ಉಳಿಯಬೇಕಾದರೆ ಅದರಲ್ಲಿ ಏನಿರಬೇಕು?
— ಪುಣೆಯ ಖಡಕಿಯಿಂದ ಒಬ್ಬ ಓದುಗರು

ಉತ್ತರ: ಮಾನ್ಯ ಸುಬೇದಾರರೆ, ಭಾರತದ ಸೈನಿಕರಿಗೂ ಆ ನೆಲಕ್ಕೂ ಇರುವ ನಂಟು ನಿಮ್ಮ ತಲೆಮಾರಿಗಿಂತ ಹಳೆಯದು. ಕಟಾಂಗಾವನ್ನು ಮರಳಿ ದೇಶಕ್ಕೆ ಸೇರಿಸುವ ವಿಶ್ವಸಂಸ್ಥೆಯ ಕಾರ್ಯಾಚರಣೆಯಲ್ಲಿ 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಮಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿದೆ. ಆ ಕಾರ್ಯಾಚರಣೆ ದೇಶದ ಗಡಿಯನ್ನು ಉಳಿಸಿತು, ದೇಶವನ್ನು ಕಟ್ಟಲಿಲ್ಲ. ಕಟ್ಟುವ ಕೆಲಸ ಸೈನಿಕರದೂ ಅಲ್ಲ.

ನೀವು ಕಂಡ ಒಪ್ಪಂದಗಳ ದೋಷ ನನ್ನ ದೃಷ್ಟಿಯಲ್ಲಿ ಒಂದೇ: ಅವು ಬಂದೂಕು ಹಿಡಿದವರ ನಡುವೆ ಕುರ್ಚಿ ಹಂಚಿದವು. 1998ರಿಂದ ನಡೆದ ಮಹಾಯುದ್ಧ ಮುಗಿದ ಮೇಲೆ 2003ರಲ್ಲಿ ಒಬ್ಬ ಅಧ್ಯಕ್ಷ, ನಾಲ್ವರು ಉಪಾಧ್ಯಕ್ಷರ ಸರ್ಕಾರ ಬಂತು; ಉಪಾಧ್ಯಕ್ಷರಲ್ಲಿ ಇಬ್ಬರು ಬಂಡುಕೋರ ಪಡೆಗಳ ನಾಯಕರು. ಹೋರಾಟಗಾರರನ್ನು ಸೈನ್ಯದಲ್ಲಿ ಬೆರೆಸಿದರು, ಆದರೆ ತುಕಡಿಗಳು ಹಳೆಯ ಒಡೆಯನ ಮಾತನ್ನೇ ಕೇಳಿದವು. 2009ರ ಮಾರ್ಚ್ 23ರಂದು ಪೂರ್ವದ ಒಂದು ಬಂಡುಕೋರ ಗುಂಪಿನೊಡನೆ ಆದ ಒಪ್ಪಂದದಂತೆ ಅವರ ಜನರನ್ನು ಸೈನ್ಯಕ್ಕೆ ಸೇರಿಸಿಕೊಂಡರು. ಅವರಲ್ಲೇ ಹಲವರು, ಒಪ್ಪಂದ ಪಾಲನೆಯಾಗಿಲ್ಲವೆಂದು 2012ರಲ್ಲಿ ಸಿಡಿದು ಎಂ23 ಕಟ್ಟಿದರು. ಆ ಹೆಸರು ಬಂದದ್ದೇ ಒಪ್ಪಂದದ ದಿನಾಂಕದಿಂದ. ಬಂಡಾಯ ಎದ್ದವನಿಗೆ ಕರ್ನಲ್ ಹುದ್ದೆ ಸಿಗುತ್ತದೆಂದು ಒಮ್ಮೆ ಗೊತ್ತಾದರೆ, ಹುದ್ದೆ ಬೇಕಾದವನಿಗೆ ಬಂಡಾಯವೇ ಅರ್ಜಿಯಾಗುತ್ತದೆ.

ಇದರ ಮೇಲೆ ಗಣಿಯ ಆದಾಯ. ಗೋಮಾದ ಪಶ್ಚಿಮಕ್ಕಿರುವ ರುಬಾಯಾ ನಿಮಗೆ ಗೊತ್ತಿರಬಹುದು. ಮೊಬೈಲ್ ಫೋನುಗಳಲ್ಲಿ ಬಳಸುವ ಟ್ಯಾಂಟಲಮ್ ಲೋಹದ ಅದಿರು, ಕೋಲ್ಟಾನ್, ಅಲ್ಲಿನ ಗುಡ್ಡಗಳಲ್ಲಿದೆ. 2024ರಲ್ಲಿ ಅದು ಎಂ23 ವಶವಾದ ಮೇಲೆ ಅಗೆತ ಮತ್ತು ಸಾಗಣೆಯ ಮೇಲೆ ಸುಂಕ ಹಾಕಿ ಆ ಪಡೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಎತ್ತುತ್ತಿದೆಯೆಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. ನೆರೆಯ ರುವಾಂಡಾದ ಸೈನ್ಯ ಎಂ23ಗೆ ಬೆಂಬಲವಾಗಿದೆಯೆಂದೂ ಆ ತಜ್ಞರೇ ಹೇಳಿದ್ದಾರೆ. ರುವಾಂಡಾ ಅದನ್ನು ಒಪ್ಪುವುದಿಲ್ಲ. 2025ರ ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ, ರುವಾಂಡಾ ಎರಡೂ ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಎಷ್ಟು ನಿರೀಕ್ಷೆ ಇಡಬಹುದೆಂದು ಕೇಳಿದರೆ, ರುಬಾಯಾದ ಮೂಟೆಗಳು ಯಾವ ಗಡಿ ದಾಟಿ ಯಾರ ಹೆಸರಿನಲ್ಲಿ ಮಾರಾಟವಾಗುತ್ತವೆ ಎಂಬುದನ್ನು ನೋಡಿ ಎನ್ನುತ್ತೇನೆ.

ಮುರಿಯದೆ ಉಳಿದ ಒಪ್ಪಂದವೊಂದನ್ನು ನೋಡಬೇಕಾದರೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಬೇಕು. ಅಲ್ಲಿಯೂ ವಜ್ರವಿತ್ತು, ಅಲ್ಲಿಯೂ ಮೊದಲು ಇದೇ ತಪ್ಪು ನಡೆಯಿತು. 1999ರ ಜುಲೈನಲ್ಲಿ ಲೋಮೆ ನಗರದಲ್ಲಾದ ಒಪ್ಪಂದವು ಬಂಡುಕೋರ ನಾಯಕ ಫೋಡೆ ಸಾಂಕೋಗೆ ಉಪಾಧ್ಯಕ್ಷನ ದರ್ಜೆಯನ್ನೂ, ದೇಶದ ಖನಿಜ ಸಂಪತ್ತನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷತೆಯನ್ನೂ ಕೊಟ್ಟಿತು. ಜನರ ಕೈ ಕಡಿಸಿದವನ ಕೈಗೇ ವಜ್ರದ ಬೀಗದ ಕೈ. ವರ್ಷ ತುಂಬುವ ಮೊದಲೇ, 2000ದ ಮೇನಲ್ಲಿ ಅವನ ಪಡೆ ನೂರಾರು ಶಾಂತಿಪಾಲಕರನ್ನು ಒತ್ತೆಯಿರಿಸಿಕೊಂಡಿತು. ಕೈಲಾಹುನ್‌ನಲ್ಲಿ ಸಿಕ್ಕಿಬಿದ್ದ 200ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಜುಲೈನಲ್ಲಿ ಆಪರೇಷನ್ ಖುಕ್ರಿ ಬಿಡಿಸಿದ್ದನ್ನು ನಿಮಗೆ ಹೇಳಬೇಕಾಗಿಲ್ಲ.

ಎರಡನೆಯ ಸಲ ಕ್ರಮ ಬದಲಾಯಿತು. ಸಾಂಕೋ ಸೆರೆಯಾದ. ಪ್ರಮಾಣಪತ್ರವಿಲ್ಲದ ಸಿಯೆರಾ ಲಿಯೋನ್ ವಜ್ರವನ್ನು ಯಾವ ದೇಶವೂ ಕೊಳ್ಳಬಾರದೆಂದು 2000ದ ಜುಲೈನಲ್ಲೂ, ಅದನ್ನು ಸಾಗಿಸಿ ಕೊಡುತ್ತಿದ್ದ ನೆರೆಯ ಲೈಬೀರಿಯಾದ ವಜ್ರವನ್ನೇ ಕೊಳ್ಳಬಾರದೆಂದು 2001ರಲ್ಲೂ ವಿಶ್ವಸಂಸ್ಥೆ ನಿರ್ಬಂಧ ಹಾಕಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಹೋರಾಟಗಾರರು ಆಯುಧ ಒಪ್ಪಿಸಿದರು. 2002ರ ಜನವರಿಯಲ್ಲಿ ಯುದ್ಧ ಮುಗಿದುದಾಗಿ ಘೋಷಣೆಯಾಯಿತು. ಸತ್ಯಶೋಧನೆ ಮತ್ತು ಸಾಮರಸ್ಯದ ಆಯೋಗ ಒಂದು ಕಡೆ, ಪ್ರಮುಖ ಅಪರಾಧಿಗಳಿಗೆ ವಿಶೇಷ ನ್ಯಾಯಾಲಯ ಇನ್ನೊಂದು ಕಡೆ ಕೆಲಸ ಮಾಡಿದವು. ಬಂಡುಕೋರರಿಗೆ ನೆರವಾದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ ಆ ನ್ಯಾಯಾಲಯದಲ್ಲಿ 2012ರಲ್ಲಿ 50 ವರ್ಷದ ಶಿಕ್ಷೆಯಾಯಿತು. 1972ರಲ್ಲಿ ರದ್ದಾಗಿದ್ದ ಸ್ಥಳೀಯ ಸಂಸ್ಥೆಗಳನ್ನು 2004ರಲ್ಲಿ ಮರಳಿ ತಂದರು.

ಈ ಕೊನೆಯದನ್ನು ಜನ ಗಮನಿಸುವುದು ಕಡಿಮೆ, ಆದರೆ ನನಗೆ ಇದೇ ಮುಖ್ಯವೆನಿಸುತ್ತದೆ. ಅಲ್ಲಿನ ಯುದ್ಧ 1991ರಲ್ಲಿ ಕೈಲಾಹುನ್ ಜಿಲ್ಲೆಯಲ್ಲಿ ಆರಂಭವಾಯಿತು. ರಾಜಧಾನಿ ಫ್ರೀಟೌನ್‌ನಿಂದ ಆ ಜಿಲ್ಲೆಯ ಪೆಂಡೆಂಬು ತನಕ ಒಂದು ರೈಲುಮಾರ್ಗವಿತ್ತು, 1970ರ ದಶಕದಲ್ಲಿ ಅದನ್ನು ಮುಚ್ಚಿದರು. ರೈಲು ನಿಂತು, ಊರಿನ ಕೌನ್ಸಿಲ್ ರದ್ದಾಗಿ, ಕಾಫಿ, ಕೋಕೋ ಬೆಳೆದವನಿಗೆ ರಾಜಧಾನಿಯೊಡನೆ ಇದ್ದ ನಂಟು ಕಡಿದ ಮೂಲೆಯಲ್ಲೇ ಬಂಡುಕೋರರಿಗೆ ಕಾಲಿಡಲು ಜಾಗ ಸಿಕ್ಕಿತು. ಸಿಯೆರಾ ಲಿಯೋನ್ ಈಗಲೂ ಬಡ ದೇಶವೇ. 2023ರ ನವೆಂಬರ್‌ನಲ್ಲಿ ಸೇನಾ ಶಿಬಿರಗಳ ಮೇಲೆ ದಾಳಿಯಾಗಿ ದಂಗೆಯ ಯತ್ನವೂ ನಡೆಯಿತು. ಆದರೆ 2007ರಲ್ಲಿ ಮತ್ತು 2018ರಲ್ಲಿ ಆಳುವ ಪಕ್ಷ ಸೋತು ವಿರೋಧ ಪಕ್ಷಕ್ಕೆ ಅಧಿಕಾರ ಬಿಟ್ಟುಕೊಟ್ಟಿದೆ, ಅಂತರ್ಯುದ್ಧ ಮರಳಿಲ್ಲ.

ಸೈನಿಕರಾದ ನಿಮಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. ಕಾಂಗೋದ ಸೈನ್ಯದಲ್ಲಿ ಸಂಬಳದ ಹಣ ಕಮಾಂಡರನ ಕೈಗೆ ಬಂದು ಅವನಿಂದ ಕೆಳಗಿಳಿಯುತ್ತಿತ್ತು. ಅಸ್ತಿತ್ವದಲ್ಲೇ ಇಲ್ಲದ ಸೈನಿಕರ ಹೆಸರನ್ನು ಪಟ್ಟಿಯಲ್ಲಿ ತುಂಬಿದಷ್ಟೂ ಅವನಿಗೆ ಲಾಭ. ಯುರೋಪಿಯನ್ ಒಕ್ಕೂಟದ ಸಲಹೆಗಾರರು 2006ರಿಂದ ಆರಂಭಿಸಿದ ಸುಧಾರಣೆಯ ತಿರುಳು, ಸೈನಿಕರನ್ನು ಎಣಿಸಿ ಗುರುತಿನ ಚೀಟಿ ಕೊಟ್ಟು, ಸಂಬಳ ಕೊಡುವವರನ್ನೂ ಆಜ್ಞೆ ಕೊಡುವವರನ್ನೂ ಬೇರೆ ಮಾಡುವುದಾಗಿತ್ತು. ಶಾಂತಿ ಸಮ್ಮೇಳನಗಳ ಭಾಷಣಗಳಿಗಿಂತ ಈ ಒಂದು ಕೆಲಸವನ್ನು ನಾನು ಹೆಚ್ಚು ನಂಬುತ್ತೇನೆ. ಸಂಬಳ ಸಿಗದ ಸೈನಿಕನೇ ರಸ್ತೆಗೆ ಹಗ್ಗ ಕಟ್ಟಿ ತರಕಾರಿಯ ಹೆಂಗಸಿನಿಂದ ಕಾಸು ಕೀಳುವುದು, ಅವಳ ಪಾಲಿಗೆ ದೇಶವೆಂದರೆ ಆ ಹಗ್ಗವಾಗುವುದು.

ಪ್ರಶ್ನೆ: ನಾನು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಜ್ರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಇಂಥ ದೇಶಗಳ ಕಲ್ಲು, ಅದಿರುಗಳನ್ನು ಎಲ್ಲರೂ ಕೊಳ್ಳುವುದನ್ನೇ ನಿಲ್ಲಿಸಿದರೆ ಯುದ್ಧ ನಿಲ್ಲುವುದಿಲ್ಲವೇ?
— ಮೀರಾ ರೋಡ್‌ನ ಓದುಗರು

ಉತ್ತರ: ಪೂರ್ತಿ ನಿಲ್ಲಿಸುವುದು ಬೇಡ. 2010ರಲ್ಲಿ ಅಮೆರಿಕ ಕಾಂಗೋದ ಖನಿಜಗಳ ಮೂಲ ತಿಳಿಸಬೇಕೆಂಬ ಕಾನೂನು ತಂದಿತು. ಅದೇ ಸೆಪ್ಟೆಂಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ಕಾಂಗೋ ಅಧ್ಯಕ್ಷರು ಪೂರ್ವದಲ್ಲಿ ಕೈಗಣಿಗಾರಿಕೆಯನ್ನೇ ನಿಲ್ಲಿಸಿದರು. ಬಂದೂಕಿನವರು ಚಿನ್ನದ ಕಡೆ ಹೊರಳಿದರು, ಗುದ್ದಲಿಯವರು ಉಪವಾಸ ಬಿದ್ದರು. ನಿಮ್ಮ ಕಚೇರಿಗೆ ಬರುವ ಕಚ್ಚಾ ಹರಳಿನ ಪೊಟ್ಟಣದ ಜೊತೆ ಇರಬೇಕಾದ ಕಿಂಬರ್ಲಿ ಪ್ರಮಾಣಪತ್ರ 2003ರಿಂದ ಜಾರಿಯಲ್ಲಿದೆ. ಅದು ಬಂಡುಕೋರರ ವಜ್ರವನ್ನು ತಡೆಯುತ್ತದೆ, ಆದರೆ ಸರ್ಕಾರದ ಸೈನಿಕರೇ ಹಿಂಸೆ ಮಾಡಿ ತೆಗೆಸಿದ ವಜ್ರವನ್ನು ಪ್ರಶ್ನಿಸುವುದಿಲ್ಲ.

2017ರಲ್ಲಿ ಸಿಯೆರಾ ಲಿಯೋನ್‌ನ ಕೋನೋ ಜಿಲ್ಲೆಯಲ್ಲಿ ಪಾದ್ರಿ ಇಮ್ಯಾನುಯೆಲ್ ಮೊಮೊ ಅವರ ಕೆಲಸಗಾರರಿಗೆ 709 ಕ್ಯಾರೆಟಿನ ಹರಳು ಸಿಕ್ಕಿತು. ಗಡಿ ದಾಟಿಸದೆ ಅವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬಹಿರಂಗ ಹರಾಜಿನಲ್ಲಿ ಅದಕ್ಕೆ 65 ಲಕ್ಷ ಡಾಲರ್ ಬಂತು. ಬೆಲೆ ಎಷ್ಟೆಂದು ಹಳ್ಳಿಯವರಿಗೂ ಗೊತ್ತಾಯಿತು. ಬೆಲೆ ಎಲ್ಲರಿಗೂ ಗೊತ್ತಿರುವ ವ್ಯಾಪಾರ ನಡೆಯಲಿ. ನಿಲ್ಲಬೇಕಾದದ್ದು ಪೊಟ್ಟಣ ಯಾವ ಕೈಯಿಂದ ಬಂತೆಂದು ಕೇಳದ ವ್ಯಾಪಾರ.

ಪ್ರಶ್ನೆ: ನನ್ನದು ಹಾವೇರಿ ಕಡೆ. 2012ರವರೆಗೆ ಇಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದೆ. ಗಣಿ ನಡೆಯುವಾಗ ಎಲ್ಲರ ಕೈಯಲ್ಲೂ ದುಡ್ಡು, ನಿಂತ ಮೇಲೆ ಧೂಳು. ಸ್ಥಳೀಯರಿಗೆ ಪಾಲು ಕೊಟ್ಟರೆ ಆ ದೇಶಗಳಲ್ಲಿ ಶಾಂತಿ ಬರುತ್ತದೆಯೆ?
— ಗೋವಾದ ಕುಡಚಡೆಯ ಓದುಗರು

ಉತ್ತರ: ಪಾಲು ಬೇಕು. ಆದರೆ ಯಾವಾಗ ಗೊತ್ತುಮಾಡಿದರು, ಯಾರು ಎಣಿಸಿದರು ಎಂಬುದರ ಮೇಲೆ ಅದರ ಫಲ ನಿಂತಿದೆ. ಬೋಟ್ಸ್‌ವಾನಾ 1966ರಲ್ಲಿ ಸ್ವತಂತ್ರವಾದಾಗ ಅತಿ ಬಡ ದೇಶಗಳಲ್ಲೊಂದು. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದೇ ವರ್ಷದ ಕಾನೂನಿನಿಂದ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಇಡೀ ರಾಷ್ಟ್ರಕ್ಕೆ ವರ್ಗಾಯಿಸಿದರು. ಹಾಗೆ ಹಕ್ಕು ಬಿಟ್ಟುಕೊಟ್ಟವುಗಳಲ್ಲಿ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರದೇ ಬುಡಕಟ್ಟೂ ಇತ್ತು, ಒರಾಪಾ ಇದ್ದದ್ದೂ ಅವರದೇ ನೆಲದಲ್ಲಿ. ಹಣ ಕೈಗೆ ಬರುವ ಮುಂಚೆ, ಯಾರಿಗೂ ಇನ್ನೂ ರುಚಿ ಹತ್ತದಿರುವಾಗ, ತನ್ನವರ ಹಕ್ಕನ್ನೇ ಮೊದಲು ಬಿಟ್ಟ ನಾಯಕನ ಮಾತನ್ನು ಉಳಿದವರು ನಂಬಿದರು. ಇಂಡೊನೇಷ್ಯಾದ ‘ಆಚೆ’ (Aceh) ಎಂಬ ಹೆಸರಿನ ಪ್ರಾಂತ್ಯದಲ್ಲಿ ಇದು ತಲೆಕೆಳಗಾಯಿತು: 1976ರಿಂದ ಹೋರಾಡಿದವರಿಗೆ 2005ರ ಆಗಸ್ಟ್ 15ರ ಒಪ್ಪಂದದಲ್ಲಿ ತೈಲ ಮತ್ತು ಅನಿಲದ ಆದಾಯದ 70 ಶೇಕಡಾ ಸಿಕ್ಕಿತು, ಆದರೆ ಅಷ್ಟು ಹೊತ್ತಿಗೆ ಅಲ್ಲಿನ ದೊಡ್ಡ ಅನಿಲ ನಿಕ್ಷೇಪ ಬಹುಪಾಲು ಬರಿದಾಗಿತ್ತು.

ಕಾಂಗೋದಲ್ಲಿ ಕಾಗದದ ಮೇಲೆ ಕೊರತೆಯಿಲ್ಲ. ರಾಷ್ಟ್ರೀಯ ಆದಾಯದ 40 ಶೇಕಡಾ ಪ್ರಾಂತ್ಯಗಳದೆಂದು 2006ರ ಸಂವಿಧಾನ ಹೇಳುತ್ತದೆ. ಪ್ರಾಂತ್ಯಗಳ ಕೈಗೆ ಅದು ಪೂರ್ತಿ ಬಂದಿಲ್ಲ. 2018ರ ಗಣಿ ಕಾನೂನು ಗಣಿ ಕಂಪನಿಗಳು ಕಟ್ಟುವ ರಾಜಧನದಲ್ಲಿ (ರಾಯಲ್ಟಿ) 50 ಶೇಕಡಾ ಕೇಂದ್ರಕ್ಕೆ, 25 ಪ್ರಾಂತ್ಯಕ್ಕೆ, 15 ಸ್ಥಳೀಯ ಆಡಳಿತಕ್ಕೆ, 10 ಮುಂದಿನ ಪೀಳಿಗೆಯ ನಿಧಿಗೆ ಎಂದು ಹಂಚಿದೆ. ಈ 15ನ್ನು ನೇರವಾಗಿ ಸ್ಥಳೀಯ ಆಡಳಿತದ ಖಾತೆಗೆ ಕಟ್ಟಬೇಕೆಂಬ ನಿಯಮ ಒಳ್ಳೆಯದು. ಆದರೆ ಅಲ್ಲಿ ಖರ್ಚು ಕೇಳುವ ಚುನಾಯಿತ ಪಂಚಾಯಿತಿ ಇಲ್ಲದಿದ್ದರೆ, ಮೇಲಿನ ಒಬ್ಬ ದೊಡ್ಡ ಕಳ್ಳನ ಬದಲು ಕೆಳಗಿನ ಹತ್ತು ಸಣ್ಣ ಕಳ್ಳರು.

ನಮ್ಮ ಅನುಭವವೂ ಇದಕ್ಕೆ ಹೊರತಲ್ಲ. ನಿಮ್ಮ ಟಿಪ್ಪರ್ ನಿಂತ ಗೋವಾದಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ ತೀರ್ಪಿನಲ್ಲಿ ಅದಿರಿನ ಮಾರಾಟದ ಹಣದಲ್ಲಿ 10 ಶೇಕಡಾವನ್ನು ಶಾಶ್ವತ ನಿಧಿಗೆ ಇಡಬೇಕೆಂದಿತು. ಬಳ್ಳಾರಿಯಲ್ಲಿ 2011ರ ಲೋಕಾಯುಕ್ತ ವರದಿಯ ನಂತರ ಅಕ್ರಮ ಗಣಿಗಾರಿಕೆ ಎಷ್ಟಿತ್ತೆಂದು ಎಲ್ಲರಿಗೂ ತಿಳಿಯಿತು. 2015ರಿಂದ, ಗಣಿ ನಡೆಸುವವರಿಂದ ಹಣ ಪಡೆದು ಗಣಿಬಾಧಿತ ಊರುಗಳಿಗೆ ಖರ್ಚು ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ನಮ್ಮಲ್ಲಿ ಲೂಟಿ ನಡೆಯದೇ ಇಲ್ಲ. ಅದು ಯುದ್ಧವಾಗದಿರಲು ಕಾರಣ, ಅರ್ಜಿ ಹಾಕಲು ಒಂದು ನ್ಯಾಯಾಲಯ, ಸೋಲಿಸಲು ಒಂದು ಚುನಾವಣೆ ಇರುವುದು. ಕೆಲಸ ಕಳೆದುಕೊಂಡ ನಿಮ್ಮಂಥವರಿಗೆ ಆ ತೀರ್ಪುಗಳಲ್ಲಿ ಪಾಲು ಸಾಲದೆಹೋಯಿತೆಂಬುದನ್ನೂ ಒಪ್ಪುತ್ತೇನೆ.

ಪ್ರಶ್ನೆ: ಕಾಂಗೋದಲ್ಲಿ 200ಕ್ಕೂ ಹೆಚ್ಚು ಭಾಷೆಗಳಿವೆಯಂತೆ. ಇಷ್ಟು ಭೇದವಿರುವಲ್ಲಿ ಒಂದೇ ರಾಷ್ಟ್ರವೆಂಬ ಭಾವನೆ ಬೆಳೆಯುವುದು ಸಾಧ್ಯವೇ? ಒಡೆದುಹೋದರೆ ಒಳ್ಳೆಯದಲ್ಲವೇ?
— ವಡಾಲದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಮರಾಠಿ, ಹಿಂದಿ, ಗುಜರಾತಿಗಳ ನಡುವೆ ಕನ್ನಡದಲ್ಲಿ ಪತ್ರ ಬರೆದಿರುವ ನಿಮಗೆ ಭಾಷೆಯ ಸಂಖ್ಯೆಯಿಂದ ದೇಶ ಒಡೆಯುವುದಿಲ್ಲವೆಂದು ಬೇರೆ ಹೇಳಬೇಕೆ? ಫ್ರೆಂಚ್ ಆಡಳಿತ ಭಾಷೆಯಾಗಿ, ಲಿಂಗಾಲ, ಸ್ವಾಹಿಲಿ, ಕಿಕೊಂಗೊ, ಚಿಲುಬಾ ಎಂಬ ನಾಲ್ಕು ರಾಷ್ಟ್ರೀಯ ಭಾಷೆಗಳು ಸಂತೆ, ಚರ್ಚು, ಸಂಗೀತದ ಮೂಲಕ ಜನರನ್ನು ಚೆನ್ನಾಗಿಯೇ ಬೆಸೆದಿವೆ. ಪ್ರತ್ಯೇಕತೆಯ ಕೂಗು ಎದ್ದ ಕಟಾಂಗಾ, ಕಸಾಯ್‌ಗಳಲ್ಲಿ ಜಗಳ ಗಣಿಯದಾಗಿತ್ತು, ವ್ಯಾಕರಣದ್ದಲ್ಲ. ಗಣಿಯಿರುವ ತುಂಡು ಬೇರೆಯಾದರೆ ಉಳಿದ ತುಂಡುಗಳು ಇನ್ನಷ್ಟು ಬಡವಾಗಿ, ಹೊಸ ಗಡಿಯ ಎರಡೂ ಬದಿಗೆ ಸೈನ್ಯ ನಿಲ್ಲುತ್ತದೆ.

ನಿಜವಾದ ಗಾಯ ಪೌರತ್ವದ್ದು. ಬೆಲ್ಜಿಯನ್ನರು 1937ರಿಂದ ರುವಾಂಡಾದ ಸಾವಿರಾರು ಕುಟುಂಬಗಳನ್ನು ತೋಟದ ಕೆಲಸಕ್ಕೆ ಪೂರ್ವ ಕಾಂಗೋದ ಮಾಸಿಸಿ ಗುಡ್ಡಗಳಿಗೆ ಕರೆತಂದರು. ಅವರ ಮಕ್ಕಳು ಯಾರು? 1972ರ ಕಾನೂನು ಅವರನ್ನು ಪೌರರೆಂದಿತು; 1981ರ ಕಾನೂನು 1885ಕ್ಕೆ ಮುಂಚೆ ಪೂರ್ವಜರು ಇಲ್ಲಿದ್ದರೆಂದು ತೋರಿಸಿ ಎಂದಿತು; 2004ರ ಕಾನೂನು 1960ನ್ನು ಗಡುವಾಗಿಸಿ ಮತ್ತೆ ಬಾಗಿಲು ತೆರೆಯಿತು. ಅವರನ್ನು ರಕ್ಷಿಸುವ ಹೆಸರಿನಲ್ಲೇ ಎಂ23 ಮತ್ತು ರುವಾಂಡಾ ಮಾತಾಡುತ್ತವೆ. ಅವರು ಹೊರಗಿನವರೆಂಬ ಹೆಸರಿನಲ್ಲೇ ಎದುರು ಗುಂಪುಗಳು ಅವರನ್ನು ಕೊಲ್ಲುತ್ತವೆ. ಅರವತ್ತರ ದಶಕದ ಕೊನೆಯಲ್ಲಿ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದ ದಿನಗಳನ್ನು ಕಂಡ ಮುಂಬಯಿ ಕನ್ನಡಿಗರು ಇನ್ನೂ ಇದ್ದಾರೆ. ಅವರಿಗೆ ಭಯವಿತ್ತು, ಆದರೆ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವ ಕಾನೂನು ಬಂದೀತೆಂಬ ಭಯವಿರಲಿಲ್ಲ. ಮಾಸಿಸಿಯ ಜನ ಅದನ್ನೇ ಕಂಡರು.

ಅಂತರ್ಯುದ್ಧದ ನಂತರ ನೈಜೀರಿಯಾ 1973ರಲ್ಲಿ ಪದವೀಧರ ಯುವಜನರನ್ನು ತಮ್ಮದಲ್ಲದ ರಾಜ್ಯದಲ್ಲಿ ಒಂದು ವರ್ಷ ಸೇವೆಗೆ ಕಳುಹಿಸುವ ಪದ್ಧತಿ ತಂದಿತು, 1999ರ ಸಂವಿಧಾನದಲ್ಲಿ ತೈಲ ಸಿಗುವ ರಾಜ್ಯಗಳಿಗೆ ಅದರ ಆದಾಯದಲ್ಲಿ ಕನಿಷ್ಠ 13 ಶೇಕಡಾ ಮೀಸಲಿಟ್ಟಿತು. ಅಲ್ಲಿ ಹಿಂಸೆ ನಿಂತಿಲ್ಲವಾದರೂ ದೇಶ ಒಡೆಯುವ ಯುದ್ಧ ಮತ್ತೆ ಆಗಿಲ್ಲ. ಕಾಂಗೋದಲ್ಲಿ ಇಂಥ ಯಾವುದಕ್ಕೂ ಮುಂಚೆ ಆಗಬೇಕಾದದ್ದು ಇನ್ನೂ ಸರಳ: 1984ರ ನಂತರ ಅಲ್ಲಿ ಜನಗಣತಿಯೇ ನಡೆದಿಲ್ಲ. ಯಾವ ಪ್ರಾಂತ್ಯದಲ್ಲಿ ಎಷ್ಟು ಜನ, ಎಷ್ಟು ಮಕ್ಕಳಿಗೆ ಶಾಲೆ ಬೇಕು, ಯಾರಿಗೆ ಎಷ್ಟು ಪಾಲು ಎಂಬುದೆಲ್ಲ ಅಂದಾಜಿನ ಮೇಲೆ ನಡೆಯುತ್ತಿದೆ. 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆ ನಡೆದಾಗ, ಮಾಸಿಸಿ ಮತ್ತು ಪಕ್ಕದ ರುಟ್ಶುರುವಿನಲ್ಲಿ ಭದ್ರತೆಯಿಲ್ಲವೆಂದು ಮತದಾನವೇ ಆಗಲಿಲ್ಲ.